ಕಲ್ಲಿನ ಮೇಲೊಂದು ಬಸರಿ ಗಿಡ

ನಾನು ರಾಯದುರ್ಗದ ಕಡೆಯವನು. ಮೆಟ್ರಿಕ್ ಪಾಸಾಗಿ ಬ್ಯಾಂಕಿನಲ್ಲಿ ಗುಮಾಸ್ತನಾಗಿ ಸೇರಿದೆ. ಮೊದಲು ಲೆಡ್ಜರು, ಆಮೇಲೆ ಕಂಪ್ಯೂಟರು ಎಂದು ದುಡಿದು 2019ರಲ್ಲಿ ನಿವೃತ್ತನಾದೆ. ಸಸ್ಯಶಾಸ್ತ್ರ ಓದಿದವನಲ್ಲ. ಆದರೂ ಇವತ್ತು ಒಂದು ಗಿಡದ ವಿಷಯ ಹೇಳಲು ನಿಮ್ಮ ಮುಂದೆ ಕೂತಿದ್ದೇನೆ.

ನಮ್ಮ ಮನೆಯ ಅಂಗಳದಲ್ಲಿ ಒಂದು ಸಿಮೆಂಟಿನ ತಟ್ಟೆ ಇದೆ. ತಟ್ಟೆಯಲ್ಲಿ ಒಂದೂವರೆ ಗೇಣು ಎತ್ತರದ ಒಂದು ಕಲ್ಲು. ಕಲ್ಲಿನ ನೆತ್ತಿಯ ಮೇಲೆ ಒಂದು ಬಸರಿ ಗಿಡ. ಅದರ ಬೇರುಗಳು ಕಲ್ಲನ್ನು ಐದು ಬೆರಳಿನಿಂದ ಹಿಡಿದ ಹಾಗೆ ಹಿಡಿದು, ಕೆಳಗಿನ ಮಣ್ಣಿಗೆ ಇಳಿದಿವೆ. ಕಲ್ಲು, ಗಿಡ ಎಲ್ಲ ಸೇರಿ ಎತ್ತರ ಎರಡಡಿ. ನೋಡಿದವರು ಮೊದಲು ಕೇಳುವುದು, "ಈ ಗಿಡ ಎಷ್ಟಕ್ಕೆ ತಂದಿರಿ?" ಎಂದು. ಕಾಸು ಕೊಟ್ಟು ತಂದದ್ದಲ್ಲ. ಆದರೆ ಅದಕ್ಕೆ ನಾನು ತೆತ್ತ ಬೆಲೆ ಕಡಿಮೆಯೇನಲ್ಲ. ಅದನ್ನೂ ಹೇಳುತ್ತೇನೆ.

ಇಂಥ ಗಿಡಕ್ಕೆ ಬೋನ್ಸಾಯ್ ಎನ್ನುತ್ತಾರೆ. ಅದು ಜಪಾನಿ ಮಾತು. 'ಬೋನ್' ಎಂದರೆ ತಟ್ಟೆ, 'ಸಾಯ್' ಎಂದರೆ ನೆಡುವುದು. ವಿದ್ಯೆ ಚೀನಾದಲ್ಲಿ ಹುಟ್ಟಿ ಜಪಾನಿನಲ್ಲಿ ಬೆಳೆದದ್ದು. ಅದರಲ್ಲಿ ಕಲ್ಲಿನ ಮೇಲೆ ಬೇರು ಹರಿಸುವ ಪದ್ಧತಿಗೆ 'ಸೆಕಿಜೋಜು' ಎಂದು ಹೆಸರು. ನಾನು ಇದನ್ನು ಮೊದಲು ಕಂಡದ್ದು 1998ರಲ್ಲಿ, ಬೆಂಗಳೂರಿನ ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನದಲ್ಲಿ. ಜನ ಬೆರಗಾಗಿ ನೋಡುತ್ತಿದ್ದರು. ನನಗೆ ಮಾತ್ರ ಇದನ್ನು ಎಲ್ಲೋ ನೋಡಿದ್ದೇನಲ್ಲ ಎನಿಸಿತು. ನೋಡಿದ್ದೆ, ನಮ್ಮ ದುರ್ಗದ ಬೆಟ್ಟದಲ್ಲೇ. ಕೋಟೆ ಹತ್ತುವ ದಾರಿಯಲ್ಲಿ ಆನೆ ಗಾತ್ರದ ಗುಂಡುಗಳ ಮೇಲೆ ಅರಳಿಯೋ ಬಸರಿಯೋ ಹುಟ್ಟಿ, ಬೇರನ್ನು ಹಾವಿನಂತೆ ಇಳಿಬಿಟ್ಟಿರುವುದನ್ನು ನಾವು ಹುಡುಗರಾಗಿದ್ದಾಗಿನಿಂದ ಕಂಡವರು. ಅದನ್ನೇ ಚಿಕ್ಕದಾಗಿ ತಟ್ಟೆಯಲ್ಲಿ ಇಟ್ಟಿದ್ದರು, ಅಷ್ಟೆ.

ಆಲ, ಅರಳಿ, ಅತ್ತಿ, ಬಸರಿ ಎಲ್ಲ ಒಂದೇ ಕುಲ. ನಾವು ಬಸರಿ ಎನ್ನುವುದನ್ನು ನಮ್ಮೂರಿನ ತೆಲುಗಿನವರು ಜುವ್ವಿ ಎನ್ನುತ್ತಾರೆ. ಹೆಸರು ಎರಡಾದರೂ ಚಿವುಟಿದರೆ ಬರುವ ಹಾಲು ಒಂದೇ. ಇವುಗಳ ಹಣ್ಣನ್ನು ಹಕ್ಕಿ ಬಾವಲಿಗಳು ತಿಂದು ಎಲ್ಲೆಲ್ಲೋ ಹಿಕ್ಕೆ ಹಾಕುತ್ತವೆ. ಸಾಸಿವೆಗಿಂತ ಸಣ್ಣ ಬೀಜ ಬಂಡೆಯ ಸಂದಿಯಲ್ಲೋ, ಗೋಡೆಯ ಬಿರುಕಿನಲ್ಲೋ ಹಿಡಿಮಣ್ಣು ಸಿಕ್ಕಿದರೆ ಸಾಕು, ಮೊಳೆಯುತ್ತದೆ. ಬೇರು ನೆಲ ಹುಡುಕುತ್ತಾ ಇಳಿಯುತ್ತದೆ. ಎರಡು ಬೇರು ಒಂದನ್ನೊಂದು ಒತ್ತಿ ಕೂತರೆ ಕೂಡಿ ಒಂದಾಗುತ್ತವೆ. ಬೇರೆ ಮರಗಳಿಗೆ ಇಷ್ಟು ಸುಲಭವಲ್ಲದ ಗುಣ ಇದು. ಇದೇ ಕುಲದ ತಿಮ್ಮಮ್ಮ ಮರ್ರಿಮಾನು ಕದಿರಿಯ ಹತ್ತಿರ ನಾಲ್ಕೈದು ಎಕರೆ ಹಬ್ಬಿ ನಿಂತಿದೆ. 1989ರಲ್ಲಿ ಗಿನ್ನೆಸ್ ಪುಸ್ತಕಕ್ಕೂ ಸೇರಿತು. ಎಕರೆಗಟ್ಟಲೆ ಹಬ್ಬುವುದೂ ಇದೇ ಕುಲ, ತಟ್ಟೆಯಲ್ಲಿ ಕೂರುವುದೂ ಇದೇ ಕುಲ.

ಇನ್ನು ನನ್ನ ಗಿಡದ ಕಥೆಗೆ ಬರುತ್ತೇನೆ.

ಊರಲ್ಲಿ ನಮ್ಮ ತಾತ ಕಟ್ಟಿಸಿದ ಮನೆ ಇತ್ತು. ಕಲ್ಲು ಮಣ್ಣಿನ ಗೋಡೆ. 1953ರ ಅಕ್ಟೋಬರ್ 1ರಂದು ರಾಯದುರ್ಗ ತಾಲ್ಲೂಕು ಬಳ್ಳಾರಿ ಜಿಲ್ಲೆಯನ್ನು ಬಿಟ್ಟು ಆಂಧ್ರಕ್ಕೆ ಸೇರುವ ಹೊತ್ತಿಗೇ ಅದು ಹಳೆಯ ಮನೆ. ಅಪ್ಪ ತೀರಿಕೊಂಡ ಮರುವರ್ಷ, 2004ರ ಮಳೆಗಾಲದಲ್ಲಿ, ಹಿತ್ತಿಲ ಗೋಡೆಯ ಸಂದಿನಲ್ಲಿ ಒಂದು ಬಸರಿ ಚಿಗುರಿತು. ನಮ್ಮಣ್ಣ ನೋಡಿ, "ಕಿತ್ತು ಹಾಕೋ ಅದನ್ನ, ಗೋಡೆ ತಿಂತೈತೆ" ಎಂದ. ನನಗೆ ಲಾಲ್‌ಬಾಗಿನ ಹುಚ್ಚು ಇನ್ನೂ ಬಿಟ್ಟಿರಲಿಲ್ಲ. ಇರಲಿ, ಸ್ವಲ್ಪ ಬಲಿಯಲಿ, ಆಮೇಲೆ ತೆಗೆಯೋಣ ಎಂದು ಬಿಟ್ಟೆ.

2005ರಲ್ಲಿ ಅದರ ಒಂದು ಕವಲನ್ನು ಬೇರು ಸಮೇತ ಬಿಡಿಸಿ, ಒಂದು ಕಲ್ಲಿಗೆ ಕಟ್ಟಿ, ಮಣ್ಣು ತುಂಬಿದ ಬಕೆಟ್ಟಿನಲ್ಲಿ ಹೂತೆ. ಅದನ್ನು ಎರಡು ಮೂರು ವರ್ಷ ಮುಟ್ಟಬಾರದು ಎಂದು ಗೊತ್ತಿತ್ತು. ಮನಸ್ಸು ತಡೆಯಲಿಲ್ಲ. ನಾಲ್ಕೇ ತಿಂಗಳಿಗೆ ಮಣ್ಣು ಕೆದಕಿ, ಕಟ್ಟು ಬಿಚ್ಚಿ ನೋಡಿದೆ. ಬೇರು ಕಲ್ಲಿಗೆ ಹತ್ತಿರಲಿಲ್ಲ. ದಾರದ ಎಳೆಯಂತೆ ಸಡಿಲವಾಗಿ ನೇತಾಡುತ್ತಿತ್ತು. ಮತ್ತೆ ಮುಚ್ಚಿದೆ. ಹದಿನೈದು ದಿನದಲ್ಲಿ ಎಲೆ ಉದುರಿ ಗಿಡ ಸತ್ತಿತು. ಬರಗಾಲದಲ್ಲಿ ರೈತರು ಫಿಕ್ಸೆಡ್ ಡಿಪಾಸಿಟ್ ಅವಧಿಗೆ ಮುಂಚೆ ಮುರಿಸಲು ಬಂದಾಗ, "ಅಣ್ಣಾ, ಬಡ್ಡಿ ಹೋಗುತ್ತದೆ, ಇನ್ನು ಸ್ವಲ್ಪ ದಿನ ತಡೆಯಿರಿ" ಎಂದು ಕೌಂಟರಿನಲ್ಲಿ ಕೂತು ಬುದ್ಧಿ ಹೇಳುತ್ತಿದ್ದವನು ನಾನು. ಅವರಿಗಾದರೂ ಕಷ್ಟವಿತ್ತು. ನನಗೆ ಇದ್ದದ್ದು ಬರೀ ಕುತೂಹಲ.

ಒಂದು ಹೋಯಿತು, ಇನ್ನೊಂದು ಬೇಕಲ್ಲ ಎಂದು ಗೋಡೆಯ ಗಿಡವನ್ನು ಹಾಗೇ ಬಿಟ್ಟೆ. ಅಣ್ಣ ಮತ್ತೆ ಎರಡು ಸಲ ಹೇಳಿದ. 2007ರ ಮಳೆಗಾಲದಲ್ಲಿ ಒಂದು ರಾತ್ರಿ ಹಿತ್ತಿಲ ಗೋಡೆ ಕುಸಿಯಿತು. ದೇವರ ದಯೆ, ಯಾರಿಗೂ ಪೆಟ್ಟಾಗಲಿಲ್ಲ. ಬೆಳಿಗ್ಗೆ ನೋಡಿದರೆ ಬೇರು ಗೋಡೆಯ ನಡುವೆ ಬೆಣೆ ಹೊಡೆದ ಹಾಗೆ ಹೊಕ್ಕಿತ್ತು. "ನಿನ್ನ ಗಿಡದ ಚಟಕ್ಕೆ ಅಪ್ಪನ ಮನೆ ಬಿತ್ತು" ಎಂದ ಅಣ್ಣ. ನಾನು ಸುಮ್ಮನಿದ್ದು ತಪ್ಪೊಪ್ಪಿಕೊಳ್ಳಬೇಕಿತ್ತು. ಒಪ್ಪಲಿಲ್ಲ. ಗೋಡೆಯೇ ಹಳೆಯದು, ಮಳೆಯೇ ಜಾಸ್ತಿ ಎಂದು ವಾದಿಸಿದೆ. ಮಾತಿಗೆ ಮಾತು ಬೆಳೆಯಿತು. ಪಾಲಾಯಿತು, ಮನೆ ಮಾರಿದ್ದಾಯಿತು. ಅಣ್ಣ ತಮ್ಮಂದಿರ ಮಾತು ನಿಂತಿತು.

ಆ ಮನೆಯಿಂದ ನಾನು ತಂದದ್ದು ಎರಡೇ. ಬಿದ್ದ ಗೋಡೆಯಲ್ಲಿ ಉಳಿದಿದ್ದ ಬಸರಿ ಗಿಡ, ಮತ್ತು ಹಿತ್ತಿಲ ಮೆಟ್ಟಿಲಿನಿಂದ ಒಡೆದು ಬಿದ್ದಿದ್ದ ಕಲ್ಲಿನ ತುಂಡು. ಹನ್ನೆರಡು ಕಿಲೋ ಇರಬಹುದು. ಅದರ ಒಂದು ಮೈಯಲ್ಲಿ ಉದ್ದನೆಯ ಗುಳಿ ಇದೆ; ನಮ್ಮ ಮನೆಯವರು ತಲೆಮಾರಿನಿಂದ ಕುಡುಗೋಲು ಮಸೆದು ಮಸೆದು ಆದ ಗುಳಿ.

ಎರಡನೆಯ ಸಲ ಮಾಡಿದ ಕ್ರಮವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಆಸಕ್ತಿ ಇರುವವರು ಗಮನವಿಟ್ಟು ಕೇಳಿ.

ಮೊದಲನೆಯದು ಕಲ್ಲು. ಗಟ್ಟಿ ಕಲ್ಲಾಗಬೇಕು, ನಮ್ಮ ಕಡೆಯ ಬೆಣಚುಗಲ್ಲು ಚೆನ್ನಾಗಿ ಬರುತ್ತದೆ. ಪದರು ಏಳುವ ಕಲ್ಲು ಬೇಡ. ಮೈ ಒರಟಾಗಿರಬೇಕು, ಮೇಲಿಂದ ಕೆಳಕ್ಕೆ ಗುಳಿ, ತಗ್ಗು ಇದ್ದರೆ ಒಳ್ಳೆಯದು. ಆದರೆ ಬಿರುಕು ಇರಬಾರದು. ಬೇರು ಬಿರುಕಿನಲ್ಲಿ ಹೊಕ್ಕು ದಪ್ಪವಾದರೆ ಒಡೆಯುತ್ತದೆ; ಮೈಮೇಲೆ ಹರಿದು ದಪ್ಪವಾದರೆ ಅಪ್ಪಿಕೊಳ್ಳುತ್ತದೆ. ಈ ವ್ಯತ್ಯಾಸ ಕಲಿಯಲು ನನಗೆ ಒಂದು ಗೋಡೆ ಬೇಕಾಯಿತು.

ಎರಡನೆಯದು ಬೇರಿನ ಉದ್ದ. ಗಿಡವನ್ನು ಅಗಲ ಕುಂಡದಲ್ಲಿ ಇಡದೆ, ಉದ್ದನೆಯ ಪಿವಿಸಿ ಪೈಪಿನ ತುಂಡಿನಲ್ಲಿ ಮರಳು, ಗೊಬ್ಬರ, ಕೆಮ್ಮಣ್ಣು ಬೆರೆಸಿ ತುಂಬಿ ನೆಟ್ಟು ಬೆಳೆಸಬೇಕು. ಆಗ ಬೇರು ಉದ್ದಕ್ಕೆ ಇಳಿಯುತ್ತದೆ. ಕಲ್ಲಿನ ಎತ್ತರಕ್ಕಿಂತ ಬೇರು ಉದ್ದವಿದ್ದರೆ ಮಾತ್ರ ಮುಂದಿನ ಕೆಲಸ.

ಮೂರನೆಯದು ಕಟ್ಟುವುದು. 2008ರ ಜೂನ್‌ನಲ್ಲಿ ಮೊದಲ ಹದ ಮಳೆ ಬಿದ್ದ ಮೇಲೆ ಕಟ್ಟಿದೆ. ಬೇರಿನ ಮಣ್ಣನ್ನು ನೀರಿನಲ್ಲಿ ತೊಳೆದು, ಒಣಗದಂತೆ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟುಕೊಂಡು, ದಪ್ಪ ಬೇರು ನಾಲ್ಕೈದನ್ನು ಆರಿಸಿ, ಕಲ್ಲಿನ ನಾಲ್ಕೂ ಮಗ್ಗುಲಿಗೆ ಇಳಿಬಿಡಬೇಕು. ಗಿಡದ ಬುಡ ಕುದುರೆಯ ಮೇಲೆ ಜೀನು ಕೂತ ಹಾಗೆ ಕಲ್ಲಿನ ಮೇಲೆ ಸಂದಿಲ್ಲದೆ ಕೂರಬೇಕು. ದಪ್ಪನೆಯ ಒಂದು ಬೇರನ್ನು ಆ ಕುಡುಗೋಲಿನ ಗುಳಿಯಲ್ಲೇ ಕೂಡಿಸಿದೆ. ಜೇಡಿಮಣ್ಣು, ಸಗಣಿ ಕಲಸಿ ಮೆತ್ತಿ, ಹಳೆಯ ಸೈಕಲ್ ಟ್ಯೂಬನ್ನು ಬೆರಳಗಲ ಪಟ್ಟಿಯಾಗಿ ಕತ್ತರಿಸಿ ಬಿಗಿಯಾಗಿ ಸುತ್ತಿದೆ. ತಂತಿ ಬೇಡ. ಬೇರು ಊದಿದಂತೆ ತಂತಿ ಒಳಗೆ ಕೊರೆಯುತ್ತದೆ, ರಬ್ಬರು ಹಿಗ್ಗುತ್ತದೆ. ಬೇರಿನ ತುದಿಗಳು ಮಾತ್ರ ಕಲ್ಲಿನ ಕೆಳಗಿನ ಮಣ್ಣಿಗೆ ತಲುಪಿರಲೇಬೇಕು.

ನಾಲ್ಕನೆಯದು ಹೂಳುವುದು, ಮತ್ತು ಮರೆಯುವುದು. ಕಲ್ಲು ನೆತ್ತಿಯವರೆಗೂ ಮುಚ್ಚುವಂತೆ ಆಳವಾದ ಕುಂಡದಲ್ಲಿ ಹೂಳಬೇಕು. ಮೇಲಿನ ಗಿಡವನ್ನು ಕತ್ತರಿಸದೆ ಇಷ್ಟ ಬಂದಂತೆ ಬೆಳೆಯಲು ಬಿಡಬೇಕು. ಎಲೆ ಹೆಚ್ಚಿದಷ್ಟೂ ಬೇರು ದಪ್ಪಗಾಗುತ್ತದೆ. ಈ ಸಲ ಮೂರು ವರ್ಷ ಮುಟ್ಟಲಿಲ್ಲ. ಕುಂಡದ ಮೇಲೆ ಬಿಳಿ ಸುಣ್ಣದಲ್ಲಿ 'ಜೂನ್ 2011' ಎಂದು ಬರೆದಿಟ್ಟೆ, ಡಿಪಾಸಿಟ್ ರಸೀದಿಯ ಮೇಲೆ ವಾಯಿದೆ ಬರೆದ ಹಾಗೆ.

ಐದನೆಯದು ಬಿಚ್ಚುವುದು. ಒಂದೇ ದಿನ ಮಣ್ಣೆಲ್ಲ ತೆಗೆಯಬಾರದು. ನೆರಳು ಕಂಡ ಬೇರಿಗೆ ಬಿಸಿಲು ತಡೆಯುವ ತೊಗಟೆ ಬಂದಿರುವುದಿಲ್ಲ. ಮೇಲಿನಿಂದ ಒಂದೊಂದು ಅಂಗುಲ, ತಿಂಗಳಿಗೆ ಒಂದು ಸಲ ತೆಗೆಯಬೇಕು. ಮಳೆಗಾಲದಲ್ಲಿ ತೆಗೆಯಬೇಕು. ರಬ್ಬರು ಪಟ್ಟಿಯನ್ನೂ ಅಷ್ಟಷ್ಟೇ ಬಿಡಿಸಬೇಕು. ಮೊದಲ ಪಟ್ಟಿ ಬಿಚ್ಚಿದ ದಿನ ಬೆರಳಿನಿಂದ ಬೇರನ್ನು ಅಲ್ಲಾಡಿಸಿ ನೋಡಿದೆ. ಅಲ್ಲಾಡಲಿಲ್ಲ. 2012ರ ಮಳೆಗಾಲದಲ್ಲಿ ತಟ್ಟೆಗೆ ಬದಲಿಸಿ, ಮೇಲಿನ ರೆಂಬೆಗಳನ್ನು ಕತ್ತರಿಸಿ ರೂಪ ಕೊಟ್ಟೆ.

ನಮ್ಮ ಅನಂತಪುರ ಸೀಮೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 550 ಮಿಲಿಮೀಟರು. ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಕಲ್ಲು ಕಾದರೆ ಬೇರು ಬೇಯುತ್ತದೆ. ಆದ್ದರಿಂದ ಏಪ್ರಿಲ್, ಮೇ ತಿಂಗಳಲ್ಲಿ ಮಧ್ಯಾಹ್ನದ ನೆರಳು ಬೇಕು, ಎರಡು ಹೊತ್ತು ನೀರು ಬೇಕು. ಶೇಂಗಾ ಹಿಂಡಿಯನ್ನು ಒಂದು ವಾರ ನೆನೆಸಿ, ತಿಳಿಯನ್ನು ಹತ್ತರಷ್ಟು ನೀರಿಗೆ ಬೆರೆಸಿ, ತಿಂಗಳಿಗೊಮ್ಮೆ ಹಾಕಿದರೆ ಸಾಕು. ವಾಸನೆಗೆ ಮನೆಯವರ ಬೈಗುಳ ತಿನ್ನಬೇಕಾಗುತ್ತದೆ, ಅದಕ್ಕೆ ಮದ್ದಿಲ್ಲ. ಎರಡು ವರ್ಷಕ್ಕೊಮ್ಮೆ ತಟ್ಟೆಯ ಮಣ್ಣು ಬದಲಿಸಿ, ಮಣ್ಣಿನೊಳಗಿನ ಸಣ್ಣ ಬೇರು ಸವರಬೇಕು. ಕಲ್ಲಿನ ಮೇಲಿನ ಬೇರನ್ನು ಮಾತ್ರ ಇನ್ನೆಂದೂ ಎಬ್ಬಿಸಬಾರದು.

ನಮ್ಮ ಮನೆಯವರು ಒಂದು ಮಾತು ಕೇಳಿದ್ದರು. "ಬೆಳೆಯೋ ಮರಾನ ಕುಳ್ಳು ಮಾಡಿ ಇಡ್ತೀರಲ್ಲ, ಪಾಪ ಬರೋದಿಲ್ಲೇನ್ರೀ?" ಈ ಪ್ರಶ್ನೆ ನಿಮ್ಮಲ್ಲೂ ಕೆಲವರಿಗೆ ಬಂದಿರಬಹುದು. ಉಪವಾಸ ಕೆಡವಿ ಕುಳ್ಳು ಮಾಡಿದರೆ ಪಾಪವೇ. ಇದು ಹಾಗಲ್ಲ. ನೀರು, ಗೊಬ್ಬರ ಎಲ್ಲ ಹೊಟ್ಟೆ ತುಂಬಾ ಕೊಟ್ಟು, ಕೊಂಬೆ ಬೇರು ಸವರುವುದು. ಮಾಘ ಫಾಲ್ಗುಣದ ಹೊತ್ತಿಗೆ ಹಳೆ ಎಲೆ ಉದುರಿ ತಾಮ್ರದ ಬಣ್ಣದ ಚಿಗುರು ಬರುತ್ತದೆ. ಈಗ ಆ ಚಿಗುರನ್ನು ಮೊದಲು ನೋಡಿ ಬಂದು ಹೇಳುವವರು ಅವರೇ.

2014ರಲ್ಲಿ ಅಣ್ಣ ಮಗಳ ಮದುವೆಯ ಕಾಗದ ಕೊಡಲು ಬಂದ. ಏಳು ವರ್ಷವಾಗಿತ್ತು ನಮ್ಮ ಅಂಗಳಕ್ಕೆ ಅವನು ಕಾಲಿಟ್ಟು. ಏಪ್ರಿಲ್ ತಿಂಗಳ ಬಿಸಿಲು. ಕಾಗದವನ್ನು ನಮ್ಮ ಮನೆಯವರ ಕೈಗೆ ಕೊಟ್ಟು, ಅರಿಶಿನ ಕುಂಕುಮದ ಮಾತು ಮುಗಿಸಿ ಹೊರಟವನು ತಟ್ಟೆಯ ಮುಂದೆ ನಿಂತ. ಬಗ್ಗಿ ಕಲ್ಲಿನ ಗುಳಿಯ ಮೇಲೆ ಬೆರಳಾಡಿಸಿದ. ಹುಡುಗನಾಗಿದ್ದಾಗ ಅಪ್ಪನ ಕುಡುಗೋಲನ್ನು ಆ ಕಲ್ಲಿನ ಮೇಲೆ ಮಸೆಯುತ್ತಿದ್ದವನು ಅವನೇ. ಗುರುತು ಹತ್ತಿತು.

"ಏನೋ, ಇವತ್ತು ಇದಕ್ಕೆ ನೀರು ಹಾಕಿದ್ಯಾ?" ಎಂದ.

"ಇಲ್ಲಣ್ಣ, ಸಂಜೆ ಹಾಕ್ತೀನಿ" ಎಂದೆ.

"ಕಲ್ಲು ಕಾದೈತೆ. ಸಂಜೆ ತನಕ ಯಾಕೆ? ನೆರಳಿಗೆ ಸರಿಸಿ ಈಗಲೇ ಹಾಕು."

ಇಬ್ಬರೂ ಸೇರಿ ತಟ್ಟೆಯನ್ನು ಎತ್ತಿ ಬೇವಿನ ಮರದ ನೆರಳಿಗಿಟ್ಟೆವು. ಆಗ ನಾನು, "ಗೋಡೆ ವಿಷಯದಲ್ಲಿ ನೀನು ಹೇಳಿದ್ದೇ ಸರಿ ಅಣ್ಣ" ಎಂದೆ. ಏಳು ವರ್ಷದ ಹಿಂದೆ ಹೇಳಬೇಕಾಗಿದ್ದ ಮಾತು. ಅವನು ಅದಕ್ಕೆ ಏನೂ ಹೇಳಲಿಲ್ಲ. "ಚೊಂಬು ಎಲ್ಲೈತೆ?" ಎಂದು ಕೇಳಿದ.

ಬಾಂಧವರೇ, ಕೊನೆಗೆ ಒಂದು ವಿನಂತಿ. ನಿಮ್ಮ ಮನೆಯ ಗೋಡೆಯಲ್ಲೋ, ಗುಡಿಯ ಗೋಪುರದಲ್ಲೋ, ಬಾವಿಯ ಕಟ್ಟೆಯಲ್ಲೋ ಇಂಥ ಗಿಡ ಕಂಡರೆ ನನ್ನ ಹಾಗೆ ನಾಳೆ ಎನ್ನಬೇಡಿ. ನಾಲ್ಕೆಲೆಯ ಸಸಿ ಇರುವಾಗ, ಮಳೆ ಬಂದು ಗೋಡೆ ನೆನೆದಿರುವಾಗ, ಬೇರು ಸಮೇತ ಕೈಯಲ್ಲೇ ಬರುತ್ತದೆ. ಬಲಿತ ಮೇಲೆ ಮೇಲಷ್ಟೇ ಕಡಿದರೆ ಒಳಗಿನ ಬೇರು ಮತ್ತೆ ಚಿಗುರುತ್ತದೆ. ಆದರೆ ಕಿತ್ತದ್ದನ್ನು ಬಿಸಾಡಬೇಡಿ. ಬಿರುಕಿಲ್ಲದ ಒಂದು ಕಲ್ಲು ಹುಡುಕಿ, ಅದರ ಮೇಲೆ ಕೂಡಿಸಿ, ಹೂತು, ವಾಯಿದೆ ಬರೆದಿಡಿ. ವಾಯಿದೆ ಮುಗಿಯುವ ತನಕ ಕೆದಕಬೇಡಿ.