ಚಾವಿಯ ಗಡಿಯಾರವೊ, ಸೆಲ್ಲಿನ ಗಡಿಯಾರವೊ?

(ಸಂಘದ ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)

ಉಮರ್ಗಾ, ನಿಲಂಗಾ, ಉದಗೀರ ತಾಲೂಕುಗಳಿಂದ ದಯಮಾಡಿಸಿರುವ ಕನ್ನಡ ಬಂಧುಗಳೆ, ತಾಯಂದಿರೆ,

ಹೋದ ವರ್ಷ ಇದೇ ಸಭೆ ಮುಗಿದ ಮೇಲೆ ನಿಲಂಗಾ ಕಡೆಯ ಹಿರಿಯರೊಬ್ಬರು ನಮ್ಮ ಬಳಿಗೆ ಬಂದು, ಕರವಸ್ತ್ರದ ಗಂಟನ್ನು ಬಿಚ್ಚಿ, ಒಂದು ಎಚ್.ಎಂ.ಟಿ. ಕೈಗಡಿಯಾರವನ್ನು ತೋರಿಸಿದರು. "ಇದು ನಿಂತು ಒಂಬತ್ತು ವರ್ಷ ಆತ್ರಿ. ನಮ್ಮ ಮಾವ ಲಗ್ನದಾಗ ಕೊಟ್ಟಿದ್ದು. ಇದನ್ನ ಒಗದು ಸೆಲ್ಲಿಂದು ತಗೊ ಅಂತಾನ ಮಗ. ಏನು ಮಾಡ್ಲಿ?" ಎಂದು ಕೇಳಿದರು. ನಾವು ಥಟ್ಟನೆ ಉತ್ತರ ಹೇಳಲಾರದೆ, ವಿಚಾರಿಸಿ ಹೇಳುವೆವೆಂದು ಜಾರಿಕೊಂಡೆವು. ಆ ಹಿರಿಯರು ಇಂದೂ ಮುಂದಿನ ಸಾಲಿನಲ್ಲಿ ಆಸೀನರಾಗಿದ್ದಾರೆ. ಆದಕಾರಣ ಈ ದಿನದ ನಮ್ಮ ಮಾತು ಅವರಿಗೆ ಸಲ್ಲಬೇಕಾದ ಒಂದು ವರ್ಷದ ಬಾಕಿ.

ಮಾವ ಅಳಿಯನಿಗೆ ಕೊಟ್ಟ ಗಡಿಯಾರದ ಕಥೆ ನಮ್ಮ ಸೀಮೆಯ ಮನೆಮನೆಯ ಕಥೆ. ಎಚ್.ಎಂ.ಟಿ.ಯವರು ಜಪಾನಿನ ಸಿಟಿಜನ್ ಕಂಪನಿಯ ಸಹಕಾರದಿಂದ ಬೆಂಗಳೂರಿನಲ್ಲಿ ಕೈಗಡಿಯಾರದ ಕಾರ್ಖಾನೆಯನ್ನು ತೆರೆದದ್ದು 1961ರಲ್ಲಿ. ಹೈದರಾಬಾದಿನ ಆಡಳಿತದಲ್ಲಿದ್ದ ನಮ್ಮ ತಾಲೂಕುಗಳು 1956ರಲ್ಲಿ ಮುಂಬಯಿ ರಾಜ್ಯಕ್ಕೂ 1960ರಲ್ಲಿ ಮಹಾರಾಷ್ಟ್ರಕ್ಕೂ ಸೇರಿ, ಬೆಂಗಳೂರು ನಮಗೆ ನೆರೆರಾಜ್ಯದ ರಾಜಧಾನಿಯಾಗಿಯೇ ಉಳಿದಿತ್ತು. ಆದರೂ ಜನತಾ, ಪೈಲಟ್, ಕಾಂಚನ್ ಎಂಬ ಹೆಸರುಗಳನ್ನು ಧರಿಸಿ ಅದೇ ಬೆಂಗಳೂರು ನಮ್ಮ ಹಿರಿಯರ ಮುಂಗೈಯ ಮೇಲೆ ಟಿಕ್ ಟಿಕ್ ಎನ್ನುತ್ತಿತ್ತು. 1978ರಲ್ಲಿ ತುಮಕೂರಿನ ಕಾರ್ಖಾನೆಯೂ ಜೊತೆಗೂಡಿತು. ಜನತಾದಲ್ಲಿ ದೇವನಾಗರಿ ಅಂಕಿಗಳ ಮಾದರಿಯೂ ಇದ್ದುದರಿಂದ, ಮರಾಠಿ ಶಾಲೆಯಲ್ಲಿ ಓದಿದವರಿಗೂ ಅದು ಪರಕೀಯವೆನಿಸಲಿಲ್ಲ. ಇದೆಲ್ಲ ಹೆಮ್ಮೆಯ ಮಾತು ಸರಿಯಷ್ಟೆ. ಆದರೆ ಕಾಂಚನ್ ಗಡಿಯಾರವೇ ಬೇಕೆಂದು ಬೀಗರು ಹಂದರದಲ್ಲಿ ಮುನಿಸಿಕೊಂಡು ಕುಳಿತದ್ದನ್ನೂ, ಹೆಣ್ಣಿನ ತಂದೆ ಬಿತ್ತನೆಗೆ ಇಟ್ಟಿದ್ದ ಜೋಳವನ್ನು ಮಾರಿ ಅದನ್ನು ತಂದದ್ದನ್ನೂ ನಾವು ಬಾಲ್ಯದಲ್ಲಿ ಕಣ್ಣಾರೆ ಕಂಡಿದ್ದೇವೆ. ಆ ಗಡಿಯಾರಕ್ಕೆ ಈ ಕಳಂಕವೂ ಉಂಟು. ಅದನ್ನು ಮರೆಮಾಚಿ ಹೊಗಳುವುದು ನಮಗೆ ಸೇರದು.

ಇನ್ನು ಒಳಗಿನ ಕೆಲಸವನ್ನು ನೋಡೋಣ. ಚಾವಿಯ ಗಡಿಯಾರದಲ್ಲಿ ಸುರುಳಿ ಸುತ್ತಿದ ಉಕ್ಕಿನ ಪಟ್ಟಿಯೊಂದಿದೆ. ಬೆಳಿಗ್ಗೆ ನಾವು ಗುಂಡಿಯನ್ನು ತಿರುವಿದರೆ ಅದು ಬಿಗಿಯುತ್ತದೆ. ಬಿಚ್ಚಿಕೊಳ್ಳುತ್ತ ಹಲ್ಲುಗಾಲಿಗಳನ್ನು ಸುಮಾರು ಒಂದೂವರೆ ದಿನ ನಡೆಸುತ್ತದೆ. ಈ ಓಟಕ್ಕೆ ಲಗಾಮು ಹಾಕುವುದು ಬ್ಯಾಲೆನ್ಸ್ ಎಂಬ ಪುಟ್ಟ ಚಕ್ರ. ಗಂಟೆಗೆ 18,000 ಸಲ, ಎಂದರೆ ಸೆಕೆಂಡಿಗೆ ಐದು ಸಲ, ಅದು ತೊಟ್ಟಿಲಿನಂತೆ ಅತ್ತಿತ್ತ ತೂಗುತ್ತದೆ. ಹಾಗೆ ತೂಗಿಸುವ ಕೂದಲೆಳೆಯಂಥ ಸ್ಪ್ರಿಂಗಿಗೆ ಗಡಿಯಾರದವರು ಬಾಲಕಮಾನಿ ಎನ್ನುತ್ತಾರೆ. ಮುಖದ ಮೇಲೆ '17 ಜುವೆಲ್ಸ್' ಎಂದಿರುವುದನ್ನು ಓದಿ, ಒಳಗೆ ರತ್ನಗಳಿವೆಯೆಂದು ನಂಬಿ ಟ್ರಂಕಿನಲ್ಲಿ ಬೀಗ ಹಾಕಿಡುವವರಿದ್ದಾರೆ. ಅವು ಅಚ್ಚುಗಳು ಸವೆಯದಿರಲೆಂದು ಕೂಡಿಸಿದ, ಕಾರ್ಖಾನೆಯಲ್ಲಿ ತಯಾರಾದ ಕೆಂಪು ಹರಳುಗಳು. ಮಾರಲು ಹೋದರೆ ಚಹಾದ ಖರ್ಚೂ ಹುಟ್ಟದು.

ಸೆಲ್ಲಿನ ಗಡಿಯಾರದಲ್ಲಿ ಚಕ್ರದ ಬದಲು ಸ್ಫಟಿಕದ ಒಂದು ಚೂರು ಉಂಟು. ಸ್ಫಟಿಕವನ್ನು ಒತ್ತಿದರೆ ವಿದ್ಯುತ್ತು ಹುಟ್ಟುತ್ತದೆಂಬುದನ್ನು ಫ್ರಾನ್ಸಿನ ಕ್ಯೂರಿ ಸಹೋದರರು 1880ರಲ್ಲಿ ತೋರಿಸಿದರು. ಅದನ್ನೇ ತಿರುಗಿಸಿ, ವಿದ್ಯುತ್ತನ್ನು ಕೊಟ್ಟರೆ ಸ್ಫಟಿಕವು ನಡುಗುತ್ತದೆ. ಇಂದಿನ ಗಡಿಯಾರಗಳಲ್ಲಿ ಈ ನಡುಕ ಸೆಕೆಂಡಿಗೆ 32,768 ಸಲ. ಈ ಸಂಖ್ಯೆಯನ್ನು ಹದಿನೈದು ಸಲ ಅರ್ಧ ಮಾಡುತ್ತ ಹೋದರೆ ಒಂದು ಉಳಿಯುತ್ತದೆ. ಮಕ್ಕಳು ಮನೆಗೆ ಹೋಗಿ ಪಾಟಿಯ ಮೇಲೆ ಮಾಡಿ ನೋಡಲಿ. ಆ ಒಂದೇ ಸೆಕೆಂಡಿನ ಮುಳ್ಳಿನ ಒಂದು ಹೆಜ್ಜೆ. ಜಪಾನಿನ ಸೈಕೊ ಕಂಪನಿ ಇಂಥ ಮೊದಲ ಕೈಗಡಿಯಾರವನ್ನು ಮಾರಾಟಕ್ಕೆ ತಂದದ್ದು 1969ರ ಡಿಸೆಂಬರಿನಲ್ಲಿ. ನಮ್ಮ ದೇಶದಲ್ಲಿ ಇದನ್ನು 1987ರಿಂದ ಮನೆಮಾತು ಮಾಡಿದ ಟೈಟನ್ ಕಾರ್ಖಾನೆ ಇರುವುದು ಹೊಸೂರಿನಲ್ಲಿ. ತಮಿಳುನಾಡಿಗೆ ಸೇರಿದ, ಕನ್ನಡ ಮನೆಗಳೂ ಇರುವ, ನಮ್ಮದರಂತೆಯೇ ಒಂದು ಗಡಿಯ ಊರಿನಲ್ಲಿ.

ಸಮಯಪಾಲನೆಯಲ್ಲಿ ವಾದಕ್ಕೆ ಎಡೆಯೇ ಇಲ್ಲ. ಚಾವಿಯದು ಆರೋಗ್ಯವಾಗಿದ್ದರೂ ದಿನಕ್ಕೆ ಹತ್ತಿಪ್ಪತ್ತು ಸೆಕೆಂಡು ಹಿಂದೆಮುಂದೆ ಆಗುತ್ತದೆ. ಇಪ್ಪತ್ತು ಸೆಕೆಂಡೆಂದರೆ ತಿಂಗಳಿಗೆ ಹತ್ತು ನಿಮಿಷ. ಸೆಲ್ಲಿನದು ತಿಂಗಳಿಗೆ ತಪ್ಪುವುದೇ ಹದಿನೈದಿಪ್ಪತ್ತು ಸೆಕೆಂಡು. ಉದಗೀರದಲ್ಲಿ ರೈಲು ಹಿಡಿಯುವವನಿಗೆ ಯಾವುದು ಮೇಲೆಂದು ನಾವು ಹೇಳಬೇಕಾಗಿಲ್ಲ. ಮುಹೂರ್ತ ತಪ್ಪಿತೆಂದು ಚಾವಿಯ ಗಡಿಯಾರವನ್ನು ಬೈಯುವವರು ಮಾತ್ರ ಒಂದು ಸಂಗತಿಯನ್ನು ನೆನೆಯಬೇಕು. ಭಾರತದ ಗಡಿಯಾರಗಳೆಲ್ಲ 82.5 ಡಿಗ್ರಿ ಪೂರ್ವ ರೇಖಾಂಶದ ವೇಳೆಯನ್ನು ತೋರಿಸುತ್ತವೆ. ನಾವು ಅದಕ್ಕಿಂತ ಪಶ್ಚಿಮಕ್ಕೆ ಇರುವುದರಿಂದ, ನಮ್ಮ ಮೂರು ತಾಲೂಕುಗಳಲ್ಲಿ ಸೂರ್ಯನು ನೆತ್ತಿಗೆ ಬರುವುದು ಸರಾಸರಿಯಲ್ಲಿ ಹನ್ನೆರಡರ ಮೇಲೆ ಇಪ್ಪತ್ತೆರಡು ಇಪ್ಪತ್ಮೂರು ನಿಮಿಷಕ್ಕೆ. ಗಳಿಗೆ ಬಟ್ಟಲಿನ ಒಂದು ಗಳಿಗೆ ಇಪ್ಪತ್ನಾಲ್ಕು ನಿಮಿಷ. ಹತ್ತಿರ ಹತ್ತಿರ ಒಂದು ಗಳಿಗೆಯ ವ್ಯತ್ಯಾಸವನ್ನು ದೇಶವೇ ಒಪ್ಪಿಕೊಂಡು ನಡೆದಿರುವಾಗ, ಮಾವನ ಗಡಿಯಾರದ ಇಪ್ಪತ್ತು ಸೆಕೆಂಡಿನ ಮೇಲೆ ಸಿಟ್ಟೇಕೆ?

ಆದರೆ ಗಡಿಯಾರವನ್ನು ಕೊಳ್ಳುವುದು ಒಂದು ದಿನದ ಕೆಲಸ; ನಡೆಸಿಕೊಂಡು ಹೋಗುವುದು ಹಲವು ವರ್ಷಗಳ ಕೆಲಸ. ಸೆಲ್ಲಿನದಕ್ಕೆ ಎರಡು ಮೂರು ವರ್ಷಕ್ಕೊಮ್ಮೆ ಸೆಲ್ಲು ಬೇಕು. ನಮ್ಮದೊಂದಕ್ಕೆ ಸಂತೆಯ ದಿನ ಅಂಗಡಿಯೊಂದರಲ್ಲಿ ಸೆಲ್ಲು ಹಾಕಿಸಿದೆವು. ಆತನು ಅವಸರದಲ್ಲಿ ಬೆನ್ನಿನ ರಬ್ಬರ್ ಉಂಗುರವನ್ನು ಕೂಡಿಸದೆ ಮುಚ್ಚಿಬಿಟ್ಟಿದ್ದನು. ಮೊದಲ ಮಳೆಗೇ ಗಾಜಿನೊಳಗೆ ಹನಿ ಕಟ್ಟಿ ಗಡಿಯಾರ ನಿಂತಿತು. ಮಗಳ ಗಡಿಯಾರದ ವಿಷಯದಲ್ಲಿ ತಪ್ಪು ನಮ್ಮದೇ. ನಿಂತುಹೋದದ್ದನ್ನು ಸೆಲ್ಲು ತೆಗೆಯದೆ ಎರಡು ವರ್ಷ ಕಪಾಟಿನಲ್ಲಿ ಇಟ್ಟೆವು. ಸೆಲ್ಲು ಸೋರಿ ಒಳಗನ್ನೆಲ್ಲ ತಿಂದುಹಾಕಿತು. ಅಗ್ಗದ ಸೆಲ್ಲಿನ ಗಡಿಯಾರ ಹೀಗೆ ಕೆಟ್ಟರೆ ಅದನ್ನು ರಿಪೇರಿ ಮಾಡುವುದಿಲ್ಲ; ಒಳಗಿನ ಯಂತ್ರವನ್ನೇ ಇಡಿಯಾಗಿ ತೆಗೆದು ಬೇರೆಯದನ್ನು ಇಡುತ್ತಾರೆ. ಸೆಕೆಂಡಿನ ಮುಳ್ಳು ಒಂದೊಂದೇ ಹೆಜ್ಜೆಯ ಬದಲು ಎರಡೆರಡು, ನಾಲ್ಕುನಾಲ್ಕು ಸೆಕೆಂಡಿಗೊಮ್ಮೆ ಜಿಗಿಯತೊಡಗಿದರೆ, ಅದು ಅನೇಕ ಗಡಿಯಾರಗಳಲ್ಲಿ ಸೆಲ್ಲು ಮುಗಿಯುವ ಸೂಚನೆ. ಆಗಲೇ ಬದಲಾಯಿಸತಕ್ಕದ್ದು.

ಚಾವಿಯದರ ಕಷ್ಟ ಬೇರೆ. ನಮ್ಮ ಎರೆಯ ಧೂಳು, ಮೇ ತಿಂಗಳ ಬಿಸಿಲು ಅದರ ಎಣ್ಣೆಗೆ ವೈರಿಗಳು. ನಾಲ್ಕೈದು ವರ್ಷಕ್ಕೊಮ್ಮೆ ಬಿಚ್ಚಿ ತೊಳೆದು ಎಣ್ಣೆ ಹಾಕಿಸಬೇಕು. ಧ್ವನಿವರ್ಧಕದ ಡಬ್ಬಿಯ ಮೇಲೆ ಇಟ್ಟರೆ ಬಾಲಕಮಾನಿಗೆ ಅಯಸ್ಕಾಂತ ಹತ್ತಿ ಗಡಿಯಾರ ಓಡತೊಡಗುತ್ತದೆ. ಎಲ್ಲಕ್ಕಿಂತ ದೊಡ್ಡ ಕಷ್ಟವೆಂದರೆ, ಕಣ್ಣಿಗೆ ಭೂತಗಾಜು ಸಿಕ್ಕಿಸಿಕೊಂಡು ಅದನ್ನು ಬಿಚ್ಚಬಲ್ಲ ಕೈಗಳು ನಮ್ಮ ಪೇಟೆಗಳಲ್ಲಿ ಕಡಿಮೆಯಾಗುತ್ತಿವೆ. ಇದ್ದವರ ಮಕ್ಕಳು ಮೊಬೈಲಿನ ಅಂಗಡಿ ಹಾಕಿದ್ದಾರೆ. ಅವರನ್ನು ದೂರುವಂತಿಲ್ಲ, ಹೊಟ್ಟೆಯ ಪ್ರಶ್ನೆ. ಎಚ್.ಎಂ.ಟಿ. ವಾಚಸ್ ಕಂಪನಿಯನ್ನು ಮುಚ್ಚಲು ಕೇಂದ್ರ ಸರಕಾರ 2016ರಲ್ಲಿ ಒಪ್ಪಿಗೆ ಕೊಟ್ಟಿತು. ಹೀಗಾಗಿ ರಿಪೇರಿಯವರು ಸತ್ತ ಗಡಿಯಾರದ ಅಂಗವನ್ನು ತೆಗೆದು ಬದುಕಿದ ಗಡಿಯಾರಕ್ಕೆ ಜೋಡಿಸುತ್ತಾರೆ. ಮುಖಕ್ಕೆ ಹೊಸ ಬಣ್ಣ ಬಳಿದು ಹಳೆಯ ಎಚ್.ಎಂ.ಟಿ. ಎಂದು ಮಾರುವವರೂ ಇದ್ದಾರೆ; ಹೊಳಪಿಗೆ ಮರುಳಾಗಬೇಡಿರಿ.

ಈಗ ಹಿರಿಯರ ಪ್ರಶ್ನೆಗೆ ಬರುತ್ತೇವೆ. ಮಗನು ಹೇಳಿದ್ದರಲ್ಲಿ ಅರ್ಧ ಸರಿ. ಲಾತೂರಿನಲ್ಲಿ ಓದುವ ನಿಮ್ಮ ಮೊಮ್ಮಗಳಿಗೆ ಮುಳ್ಳುಗಳಿರುವ ಒಂದು ಸಾದಾ ಸೆಲ್ಲಿನ ಗಡಿಯಾರವನ್ನು ಕೊಡಿಸಿರಿ. ಬಸ್ಸಿಗೆ, ತರಗತಿಗೆ ಅದೇ ತಕ್ಕದ್ದು. ನೀಟ್ ಪರೀಕ್ಷೆಯ ಕೊಠಡಿಗೆ ಮಾತ್ರ ಯಾವ ಗಡಿಯಾರವನ್ನೂ ಬಿಡುವುದಿಲ್ಲವೆಂಬುದು ಆಕೆಗೆ ತಿಳಿದಿರಲಿ. ಆದರೆ ಮಾವನವರು ಕೊಟ್ಟದ್ದನ್ನು ಒಗೆಯಬೇಡಿರಿ. ಸೆಲ್ಲಿನದು ಕೆಟ್ಟರೆ ಮತ್ತೊಂದನ್ನು ಯಾವ ಪೇಟೆಯಲ್ಲಾದರೂ ಕೊಳ್ಳಬಹುದು. ಇದನ್ನು ನಡೆಸಬಲ್ಲ ಕೈ ಇನ್ನೆಷ್ಟು ವರ್ಷ ಇದ್ದೀತು? ಅದು ಇರುವಾಗಲೇ ಈ ಕೆಲಸ ಆಗಬೇಕು. ಒಂಬತ್ತು ವರ್ಷ ನಿಂತದ್ದರ ಎಣ್ಣೆ ಅಂಟಾಗಿರುತ್ತದೆ. ತೊಳೆಸದೆ ಚಾವಿ ಕೊಟ್ಟು ನೋಡುವ ಆಸೆ ಬೇಡ. ಬ್ಯಾಲೆನ್ಸಿನ ಅಚ್ಚು ಮುರಿದಿರದಿದ್ದರೆ ಬಹುಶಃ ಸ್ವಚ್ಛತೆಯಿಂದಲೇ ನಡೆದೀತು. ಖರ್ಚನ್ನು ಮೊದಲೇ ಕೇಳಿರಿ. ಬದಲಿಸಿದ ಹಳೆಯ ಭಾಗವನ್ನು ಮರಳಿ ಪಡೆಯಿರಿ. ಆಮೇಲೆ ದಿನವೂ ಬೆಳಿಗ್ಗೆ ಒಂದೇ ವೇಳೆಗೆ, ಕೈಯಿಂದ ಬಿಚ್ಚಿ, ಚಾವಿ ಕೊಡಿರಿ. ಗುಂಡಿ ಬಿಗಿಯಾದೊಡನೆ ನಿಲ್ಲಿಸಿರಿ.

ಕರವಸ್ತ್ರದ ಗಂಟು ತಂದಿರುವವರು ಇನ್ನೂ ಕೆಲವರು ಇರುವಂತೆ ಕಾಣುತ್ತದೆ. ಸಭೆ ಮುಗಿದ ಮೇಲೆ ಎಡಗಡೆಯ ಮೇಜಿನ ಬಳಿಗೆ ಬನ್ನಿರಿ. ಉದಗೀರದಿಂದ ಗಡಿಯಾರ ರಿಪೇರಿಯವರೊಬ್ಬರನ್ನು ಕರೆತಂದಿದ್ದೇವೆ. ಅವರು ಆರೂವರೆಯ ಬಸ್ಸಿಗೆ ಹೊರಡಬೇಕಾಗಿರುವುದರಿಂದ ನಾವು ಇಲ್ಲಿಗೇ ಮಾತು ನಿಲ್ಲಿಸುತ್ತೇವೆ.