ವಾರ್ಡಿನಲ್ಲಿ ಯಾರಿಗೆ ಏನು ಹೇಳಬೇಕು?



ವಾರ್ಡಿನಲ್ಲಿ ಓಡಾಡುವ ಹೆಣ್ಣುಮಕ್ಕಳನ್ನೆಲ್ಲ ನೀವು ‘ಸಿಸ್ಟರ್’ ಎಂದು ಕರೆಯುತ್ತೀರಿ. ಕರೆಯುವುದು ತಪ್ಪಲ್ಲ. ಆದರೆ ಎಲ್ಲರ ಕೆಲಸವೂ ಒಂದೇ ಅಲ್ಲ.

ಎ.ಎನ್.ಎಂ. ತರಬೇತಿ 2 ವರ್ಷ, ಜಿ.ಎನ್.ಎಂ. ಡಿಪ್ಲೊಮಾ 3 ವರ್ಷ, ಬಿ.ಎಸ್ಸಿ. ನರ್ಸಿಂಗ್ 4 ವರ್ಷ. ಜಿ.ಎನ್.ಎಂ. ಅಥವಾ ಬಿ.ಎಸ್ಸಿ. ಮುಗಿಸಿ ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಾಯಿಸಿಕೊಂಡವರು ಸ್ಟಾಫ್ ನರ್ಸ್ ಆಗುತ್ತಾರೆ. ವೈದ್ಯರು ಬರೆದ ಔಷಧಿ, ಇಂಜೆಕ್ಷನ್, ಸಲೈನ್ ಇವರ ಹೊಣೆ. ಎ.ಎನ್.ಎಂ. ಸಿಸ್ಟರ್‌ಗಳು ಜ್ವರ, ನಾಡಿ ನೋಡಿ, ರೋಗಿಯ ಆರೈಕೆಯಲ್ಲಿ ನೆರವಾಗುತ್ತಾರೆ. ವಿದ್ಯಾರ್ಥಿನಿಯರು ಹಿರಿಯರ ಕಣ್ಣೆದುರಿಗೇ ಕೆಲಸ ಮಾಡಬೇಕು. ಆಯಾಗಳದು ಶುಚಿತ್ವದ ಕೆಲಸ. ಅವರು ಔಷಧಿ ಕೊಡುವಂತಿಲ್ಲ. ಎಲ್ಲರ ಮೇಲ್ವಿಚಾರಣೆ ಇನ್‌ಚಾರ್ಜ್ ಸಿಸ್ಟರ್ ಅವರದು.

ಇದನ್ನು ತಿಳಿದಿರುವುದು ಏಕೆ ಮುಖ್ಯ? ಎದೆನೋವು, ಏದುಸಿರು, ಗಾಯದಿಂದ ರಕ್ತ, ಇಂಜೆಕ್ಷನ್ ನಂತರ ಮೈತುರಿಕೆ ಕಂಡರೆ ಆಯಾಗೆ ಹೇಳಿ ಸುಮ್ಮನೆ ಕೂರಬೇಡಿ. ಸ್ಟಾಫ್ ನರ್ಸ್‌ಗೇ ಹೇಳಿ. ಬಂದು ನೋಡದಿದ್ದರೆ ಇನ್‌ಚಾರ್ಜ್ ಸಿಸ್ಟರ್‌ಗೆ ತಿಳಿಸಿ. ಡ್ಯೂಟಿ ಬದಲಾದಾಗ ಹೊಸದಾಗಿ ಬಂದವರಿಗೆ ಮತ್ತೊಮ್ಮೆ ಹೇಳಿ.

ಸಲೈನ್ ನಿಧಾನವಾಯಿತೆಂದು ನೀವೇ ತಿರುಗಿಸಬೇಡಿ. ಅದು ಬೇಗ ಒಳಗೆ ಹೋದರೆ ಹೃದಯ, ಮೂತ್ರಪಿಂಡದ ತೊಂದರೆ ಇರುವವರಿಗೆ ಉಸಿರು ಕಟ್ಟುವ ಅಪಾಯವಿದೆ.

ಕೇಳಲು ಸಂಕೋಚ ಬೇಡ. ನೀವು ಹೊತ್ತಿಗೆ ಸರಿಯಾಗಿ ಹೇಳಿದ ಒಂದು ಮಾತು ಒಂದು ಜೀವ ಉಳಿಸಬಹುದು.