ನಂಬಿಕೆಯ ಕೈ



ಇವತ್ತು ಸಿಟ್ಟಿನ ಬಗ್ಗೆ ನಾಲ್ಕು ಮಾತು ಆಡೋಣ.

ನಲ್ಲಿಯಲ್ಲಿ ನೀರು ಬರಲಿಲ್ಲ. ಕಚೇರಿಗೆ ಹೋದರೆ 'ನಾಳೆ ಬಾಮ್ಮ' ಅಂದರು. ಒಂದು ದಿನದ ಕೂಲಿ ಹೋಯಿತು. ಮನಸ್ಸು ರೋಸಿ ಹೋಯಿತು. ಮನೆಗೆ ಬಂದಾಗ ಮಗು ಹಾಲು ಚೆಲ್ಲಿತು. ಅದರ ಬೆನ್ನಿಗೆ ಏಟು ಬಿತ್ತು. ತಪ್ಪು ಮಗುವಿನದೇ? 'ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ' ಅನ್ನೋ ಗಾದೆ ನಮಗೆಲ್ಲ ಗೊತ್ತು.

ಒಂದೇ ಥರದ ಕಷ್ಟ. ಒಬ್ಬಳು ತಡೆದುಕೊಳ್ಳುತ್ತಾಳೆ. ಇನ್ನೊಬ್ಬಳು ಸಿಡಿಯುತ್ತಾಳೆ. ಏಕೆ? 'ಅವಳ ಗುಣವೇ ಹಾಗೆ' ಅಂತೀವಿ. ಗುಣ ಒಂದೇ ಕಾರಣವಲ್ಲ. 'ನನಗೆ ಯಾರಿದ್ದಾರೆ?' ಎಂಬುದೂ ದೊಡ್ಡ ಪ್ರಶ್ನೆ.

ಪುಟ್ಟ ಮಗುವನ್ನು ನೋಡಿ. ಆಡುತ್ತಾ ದೂರ ಹೋಗುತ್ತದೆ. ಹೆದರಿದರೆ ಓಡಿ ಬಂದು ಅಮ್ಮನ ಸೆರಗು ಹಿಡಿಯುತ್ತದೆ. ಸಮಾಧಾನವಾದ ಮೇಲೆ ಮತ್ತೆ ಆಟಕ್ಕೆ ಹೋಗುತ್ತದೆ. ಇಂಗ್ಲೆಂಡಿನಲ್ಲಿ ಜಾನ್ ಬೌಲ್ಬಿ ಎಂಬ ಮನೋವೈದ್ಯರಿದ್ದರು. ಈ ನಂಟು ತೊಟ್ಟಿಲಿಗೇ ಮುಗಿಯುವುದಿಲ್ಲ, ಸಾಯುವವರೆಗೂ ಬೇಕು ಎಂದು ಅವರು ತಿಳಿಸಿದರು.

ಅಮೆರಿಕದಲ್ಲಿ ಜೇಮ್ಸ್ ಕೋನ್ ಮತ್ತು ಜೊತೆಗಾರರು ಒಂದು ಪರೀಕ್ಷೆ ಮಾಡಿದರು. 2006ರಲ್ಲಿ ಅದರ ಫಲ ಪ್ರಕಟವಾಯಿತು. ಅದರಲ್ಲಿ 16 ಜನ ಮದುವೆಯಾದ ಹೆಂಗಸರಿದ್ದರು. 'ಕಾಲಿಗೆ ಸಣ್ಣ ಕರೆಂಟ್ ಹೊಡೆಯಬಹುದು' ಎಂದು ಅವರಿಗೆ ಹೇಳಿದರು. ಆಗ ಮಿದುಳಿನಲ್ಲಿ ಏನಾಗುತ್ತದೆ ಎಂದು ಯಂತ್ರದಿಂದ ನೋಡಿದರು. ಒಬ್ಬಳೇ ಇದ್ದಾಗ ಗಾಬರಿ ಹೆಚ್ಚು. ಗುರುತಿಲ್ಲದವರ ಕೈ ಹಿಡಿದಾಗ ಸ್ವಲ್ಪ ಕಡಿಮೆ. ಗಂಡನ ಕೈ ಹಿಡಿದಾಗ ಇನ್ನೂ ಕಡಿಮೆ. ಅದರಲ್ಲೂ ಹೊಂದಿಕೊಂಡು ಬಾಳುವವರಲ್ಲಿ ಗಾಬರಿ ಬಹಳ ಇಳಿದಿತ್ತು.

ಇದು ಹೆದರಿಕೆಯ ಪರೀಕ್ಷೆ. ಸಿಟ್ಟಿಗೂ ಈ ಮಾತು ಸಲ್ಲುತ್ತದೆ. ತನ್ನವರು ಇದ್ದಾರೆ ಎಂಬ ಧೈರ್ಯ ಇದ್ದವಳು, 'ಇವತ್ತು ಆಗಲಿಲ್ಲ, ನಾಳೆ ನೋಡೋಣ' ಅಂತಾಳೆ. ಆ ಧೈರ್ಯ ಇಲ್ಲದವಳು, 'ನನ್ನ ಹಣೆಬರಹವೇ ಇಷ್ಟು' ಅಂತ ಕುಸಿಯುತ್ತಾಳೆ. ಇಲ್ಲವೇ ಸಿಡಿಯುತ್ತಾಳೆ.

ನಂಬಿಕೆಯ ಕೈ ಗಂಡನದೇ ಆಗಬೇಕೆಂದಿಲ್ಲ. ಅಕ್ಕ ಆಗಬಹುದು. ಪಕ್ಕದ ಮನೆಯವಳು ಆಗಬಹುದು. ಸಂಘದ ಗೆಳತಿಯೂ ಆಗಬಹುದು. ಚಿಕ್ಕಂದಿನಲ್ಲಿ ಪ್ರೀತಿ ಸಿಗದವರಿಗೂ ದೊಡ್ಡವರಾದ ಮೇಲೆ ಇಂಥ ನಂಟು ಬೆಳೆಯುತ್ತದೆ.

ಆದರೆ ಹೊಡೆಯುವ ಕೈ ನಂಬಿಕೆಯ ಕೈ ಅಲ್ಲ. ಏಟು ತಿನ್ನುವವಳಿಗೆ 'ನೀನೇ ತಾಳಿಕೋ' ಅನ್ನುವುದು ನ್ಯಾಯವಲ್ಲ. ಅಂಥ ಕಷ್ಟವಿದ್ದರೆ ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಿ. ಮನಸ್ಸು ತೀರಾ ಕೆಟ್ಟಿದ್ದರೆ 14416ಕ್ಕೆ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸೇವೆ. 2022ರಲ್ಲಿ ಶುರುವಾಯಿತು. ಕನ್ನಡದಲ್ಲೇ ಮಾತಾಡಬಹುದು. ದುಡ್ಡು ಕೊಡಬೇಕಾಗಿಲ್ಲ.

ಸಿಟ್ಟು ಬಂದಾಗ ಒಂದು ಗಳಿಗೆ ನಿಲ್ಲಿ. 'ಈ ಸಿಟ್ಟು ನಿಜವಾಗಿ ಯಾರ ಮೇಲೆ?' ಎಂದು ನಿಮ್ಮನ್ನೇ ಕೇಳಿಕೊಳ್ಳಿ. ಆಮೇಲೆ ನಂಬಿದವರ ಹತ್ತಿರ ಹೇಳಿಕೊಳ್ಳಿ.

ನಾಳೆ ಒಬ್ಬಳು ನಿಮ್ಮ ಬಾಗಿಲಿಗೆ ಬಂದಾಳು. ಬುದ್ಧಿ ಹೇಳಲು ಅವಸರ ಮಾಡಬೇಡಿ. 'ಬಾ, ಕೂತ್ಕೋ, ಏನಾಯ್ತು ಹೇಳು' ಅನ್ನಿ. ಅವಳು ಹೇಳಿ ಮುಗಿಸುವವರೆಗೂ ಕೇಳಿ.